ಬರಿಗಾಲ ಓಟಕ್ಕೆ ಬೇಕಾದದ್ದು ವ್ಯವಧಾನ

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲ ಬರಿಗಾಲಿನಲ್ಲಿ ಓಡಿ ಮ್ಯಾರಥಾನ್ ಗೆದ್ದದ್ದು ಓಟದ ಹುಚ್ಚು ಹತ್ತಿದವರಿಗೆಲ್ಲ ಗೊತ್ತಿರುವ ಕಥೆ. ಸಂಜೆಗತ್ತಲಲ್ಲಿ, ಪಂಜುಗಳ ಬೆಳಕಿನಲ್ಲಿ, ಪುರಾತನ ಏಪಿಯನ್ ರಸ್ತೆಯ ಕಲ್ಲುಹಾಸನ್ನೂ ತುಳಿದುಕೊಂಡು ಬಂದ ಅವರು 2 ಗಂಟೆ 15 ನಿಮಿಷ 16 ಸೆಕೆಂಡಿನಲ್ಲಿ ಗುರಿ ಮುಟ್ಟಿದರು. ಅಲ್ಲಿಯವರೆಗೆ ಜಗತ್ತಿನಲ್ಲಿ ಯಾರೂ ಮ್ಯಾರಥಾನನ್ನು ಅಷ್ಟು ಬೇಗ ಮುಗಿಸಿರಲಿಲ್ಲ. ಈ ಕಥೆಯ ಎರಡನೇ ಅರ್ಧವನ್ನು ಹೇಳುವವರು ಕಡಿಮೆ. ನಾಲ್ಕು ವರ್ಷಗಳ ನಂತರ ಟೋಕಿಯೊದಲ್ಲಿ, ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿ ಆರು ವಾರವೂ ಕಳೆಯದಿದ್ದಾಗ, ಅದೇ ಬಿಕಿಲ ಶೂ ಧರಿಸಿ ಓಡಿದರು. 2 ಗಂಟೆ 12 ನಿಮಿಷ 11 ಸೆಕೆಂಡಿನಲ್ಲಿ ಮತ್ತೆ ಗೆದ್ದರು, ಮತ್ತೆ ವಿಶ್ವದಾಖಲೆ ಮಾಡಿದರು. ಬರಿಗಾಲಿನ ಪರ ಇರುವವರು ರೋಮ್ ಎನ್ನುತ್ತಾರೆ, ಶೂ ಪರ ಇರುವವರು ಟೋಕಿಯೊ ಎನ್ನುತ್ತಾರೆ. ಎರಡೂ ಓಟಗಳಲ್ಲಿ ಬದಲಾಗದೆ ಇದ್ದದ್ದು ಬಿಕಿಲರ ಕಾಲುಗಳು. ಬಾಲ್ಯದಿಂದ ಬರಿಗಾಲಲ್ಲಿ ನಡೆದು, ಓಡಿ, ಭಾರ ಹೊರುವುದನ್ನು ಕಲಿತಿದ್ದ ಕಾಲುಗಳು. ಅವರು ಒಂದು ರೂಢಿಯನ್ನು ಬಿಟ್ಟು ಇನ್ನೊಂದಕ್ಕೆ ಬರಬೇಕಾಗಿರಲಿಲ್ಲ. ಇಂದು ಇಪ್ಪತ್ತು ಮೂವತ್ತು ವರ್ಷ ಮೆತ್ತನೆಯ ಶೂ ಹಾಕಿ, ದಿನದ ಹೆಚ್ಚು ಹೊತ್ತು ಕುರ್ಚಿಯಲ್ಲಿ ಕಳೆದು, ಯಾವುದೋ ವಿಡಿಯೊ ನೋಡಿ ಒಂದು ಭಾನುವಾರ ಬೆಳಿಗ್ಗೆ ಶೂ ಕಳಚಿಟ್ಟು ಐದು ಕಿಲೋಮೀಟರ್ ಓಡಲು ಹೊರಡುವವರ ಪರಿಸ್ಥಿತಿ ಪೂರ್ತಿ ಬೇರೆ.

ಹಾಗಾಗಿ ‘ಬರಿಗಾಲು ಒಳ್ಳೆಯದೋ ಶೂ ಒಳ್ಳೆಯದೋ’ ಎಂಬ ಚರ್ಚೆಯಲ್ಲಿ ನನಗೆ ಹೆಚ್ಚು ನಂಬಿಕೆಯಿಲ್ಲ. ಕಳೆದ ಹದಿನೈದು ವರ್ಷಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಲಾಭ ನಷ್ಟಗಳ ಬಹುಪಾಲು ನಿಂತಿರುವುದು ಒಂದು ರೂಢಿಯಿಂದ ಇನ್ನೊಂದಕ್ಕೆ ಎಷ್ಟು ನಿಧಾನವಾಗಿ ಹೋಗುತ್ತೇವೆ ಎಂಬುದರ ಮೇಲೆ. ಪಾದದ ಚರ್ಮ, ಸ್ನಾಯು, ಸ್ನಾಯುರಜ್ಜು, ಮೂಳೆ ಇವಕ್ಕೆಲ್ಲ ಹೊಸ ಭಾರಕ್ಕೆ ಒಗ್ಗಿಕೊಳ್ಳಲು ಬೇರೆ ಬೇರೆ ಅವಧಿ ಬೇಕು. ಆ ಅವಧಿ ವಾರಗಳಲ್ಲಿ ಮುಗಿಯುವಂಥದ್ದಲ್ಲ, ತಿಂಗಳುಗಳದ್ದು. ಅದನ್ನು ಕೊಡಲು ಸಿದ್ಧರಿರುವವರಿಗೆ ಬರಿಗಾಲ ಓಟ ಅಥವಾ ತೆಳು ಅಟ್ಟೆಯ ಮಿನಿಮಲಿಸ್ಟ್ ಶೂ ನಿಜವಾದ ಪ್ರಯೋಜನ ಕೊಡಬಲ್ಲದು. ಕೊಡಲಾಗದವರು ಇರುವ ಶೂನಲ್ಲೇ ನೆಮ್ಮದಿಯಾಗಿ ಓಡುವುದು ಮೇಲು.

ಈ ಅಲೆ ಎದ್ದದ್ದು ಹೇಗೆಂದು ಮೊದಲು ನೋಡಬೇಕು. ದಪ್ಪ ಹಿಮ್ಮಡಿಯ, ಮೆತ್ತೆ ತುಂಬಿದ ಓಟದ ಶೂ ಮನುಷ್ಯನಿಗೆ ಜೊತೆಯಾಗಿ ಐವತ್ತು ವರ್ಷಗಳಷ್ಟೇ ಆಗಿವೆ. 1970ರ ದಶಕದಲ್ಲಿ ಅಮೆರಿಕದಲ್ಲಿ ಜಾಗಿಂಗ್ ಜನಪ್ರಿಯವಾದಾಗ ಅವು ಮಾರುಕಟ್ಟೆಗೆ ಬಂದವು. ಅದಕ್ಕೂ ಮೊದಲು ಓಟಗಾರರ ಶೂಗಳು ತೆಳ್ಳಗಿನ, ಸಮತಟ್ಟಾದ ಅಟ್ಟೆಯವು. ನಮ್ಮಲ್ಲಿ ಪಿ.ಟಿ. ಪೀರಿಯಡ್‌ಗೆ ಹಾಕಿಕೊಂಡು ಹೋಗುತ್ತಿದ್ದ ಬಿಳಿ ಕ್ಯಾನ್ವಾಸ್ ಶೂ ನೆನಪಿರುವವರಿಗೆ ಅದರ ಅಂದಾಜು ಸಿಗುತ್ತದೆ. 2004ರಲ್ಲಿ ಡೆನ್ನಿಸ್ ಬ್ರಾಂಬಲ್ ಮತ್ತು ಹಾರ್ವರ್ಡ್ ವಿಶ್ವವಿದ್ಯಾಲಯದ ಡೇನಿಯಲ್ ಲೀಬರ್‌ಮನ್, ದೂರದ ಓಟವೇ ಮನುಷ್ಯನ ದೇಹರಚನೆಯನ್ನು ರೂಪಿಸಿದ ಶಕ್ತಿಗಳಲ್ಲೊಂದು ಎಂದು ‘ನೇಚರ್’ ಪತ್ರಿಕೆಯಲ್ಲಿ ವಾದಿಸಿದರು. 2009ರಲ್ಲಿ ಕ್ರಿಸ್ಟೋಫರ್ ಮೆಕ್‌ಡೂಗಲ್ ಅವರ ‘ಬಾರ್ನ್ ಟು ರನ್’ ಪುಸ್ತಕ ಬಂತು. ಮೆಕ್ಸಿಕೊದ ಕಣಿವೆಗಳಲ್ಲಿ ತೆಳು ಚಪ್ಪಲಿ ಕಟ್ಟಿಕೊಂಡು ದಿನಗಟ್ಟಲೆ ಓಡುವ ತಾರಾಹುಮಾರ ಜನರ ಹೆಸರು ಜಗತ್ತಿನ ಓಟಗಾರರ ಬಾಯಲ್ಲೆಲ್ಲ ಓಡಾಡಿತು. 2010ರ ಜನವರಿಯಲ್ಲಿ ಲೀಬರ್‌ಮನ್ ತಂಡದ ಇನ್ನೊಂದು ಪ್ರಬಂಧ ‘ನೇಚರ್’ ಮುಖಪುಟಕ್ಕೇ ಬಂತು. ಬೆರಳುಗಳಿಗೆ ಒಂದೊಂದು ಗೂಡಿರುವ ವೈಬ್ರಮ್ ಫೈವ್‌ಫಿಂಗರ್ಸ್ ಶೂಗಳು ಅಂಗಡಿಯಿಂದ ಅಂಗಡಿಗೆ ಹರಡಿದವು. ಆ ಪ್ರಬಂಧಕ್ಕೆ ಭಾಗಶಃ ಹಣ ಕೊಟ್ಟಿದ್ದು ಇದೇ ವೈಬ್ರಮ್ ಕಂಪನಿ. ಲೇಖಕರು ಅದನ್ನು ಮುಚ್ಚಿಟ್ಟಿರಲಿಲ್ಲ, ಪ್ರಬಂಧದಲ್ಲೇ ತಿಳಿಸಿದ್ದರು. ಆದರೂ ಓದುಗರ ಲಕ್ಷ್ಯದಲ್ಲಿರಬೇಕಾದ ಸಂಗತಿ. ನಾಲ್ಕೇ ವರ್ಷಕ್ಕೆ, 2014ರಲ್ಲಿ, ಪಾದ ಬಲಗೊಳ್ಳುತ್ತದೆ, ಗಾಯ ಕಡಿಮೆಯಾಗುತ್ತದೆ ಎಂಬ ಜಾಹೀರಾತಿಗೆ ಸಾಕಷ್ಟು ಆಧಾರವಿಲ್ಲ ಎಂದು ಗ್ರಾಹಕರು ಹೂಡಿದ್ದ ಮೊಕದ್ದಮೆಯನ್ನು ಕಂಪನಿ 37.5 ಲಕ್ಷ ಡಾಲರ್ ಕೊಟ್ಟು ಇತ್ಯರ್ಥ ಮಾಡಿಕೊಂಡಿತು. ತಪ್ಪನ್ನು ಒಪ್ಪಿಕೊಳ್ಳಲಿಲ್ಲ. ಎದ್ದಷ್ಟೇ ವೇಗವಾಗಿ ಅಲೆ ಇಳಿಯಿತು. 2009ರಲ್ಲೇ ಶುರುವಾಗಿದ್ದ ಹೋಕಾ ಕಂಪನಿಯ ಅತಿ ದಪ್ಪ ಅಟ್ಟೆಯ ಶೂಗಳು ಆ ಜಾಗಕ್ಕೆ ಬಂದವು.

ಅಲೆ ಇಳಿದ ಮಾತ್ರಕ್ಕೆ ಲೀಬರ್‌ಮನ್ ತೋರಿಸಿದ್ದು ಸುಳ್ಳಾಗಲಿಲ್ಲ. ಅವರು ಅಳೆದದ್ದು ಪಾದ ನೆಲಕ್ಕೆ ತಗಲುವ ಮೊದಲ ಐವತ್ತು ಮಿಲಿಸೆಕೆಂಡುಗಳನ್ನು. ಶೂ ಹಾಕಿ ಓಡುವ ಹೆಚ್ಚಿನವರು ಹಿಮ್ಮಡಿಯನ್ನು ಮೊದಲು ಊರುತ್ತಾರೆ. ಆಗ ಕಾಲು ಒಂದು ಕ್ಷಣ ಥಟ್ಟನೆ ನಿಂತುಬಿಡುತ್ತದೆ. ಆ ಆಘಾತ ಹಿಮ್ಮಡಿಯಿಂದ ಮೊಣಕಾಲಿಗೆ, ಅಲ್ಲಿಂದ ಸೊಂಟಕ್ಕೆ ಏರುತ್ತದೆ. ಬರಿಗಾಲಲ್ಲೇ ಓಡಿ ಬೆಳೆದ ಕೆನ್ಯಾದ ಓಟಗಾರರಲ್ಲಿ ಹೆಚ್ಚಿನವರು ಕಿರುಬೆರಳಿನ ಬುಡದ ಹತ್ತಿರ, ಪಾದದ ಹೊರ ಅಂಚಿನಲ್ಲಿ ಮೊದಲು ನೆಲ ಮುಟ್ಟುತ್ತಿದ್ದರು. ನಂತರ ಪಾದ ಒಳಕ್ಕೆ ವಾಲಿ, ಹಿಮ್ಮಡಿ ಮೆಲ್ಲಗೆ ಕೆಳಗಿಳಿಯುತ್ತಿತ್ತು. ಹೀಗೆ ಇಳಿಯುವಾಗ ಪಾದದ ಕಮಾನು ಸ್ವಲ್ಪ ಚಪ್ಪಟೆಯಾಗಿ ಹಿಗ್ಗುತ್ತದೆ, ಹಿಮ್ಮಡಿಯ ಮೇಲಿನ ಅಕಿಲಿಸ್ ಸ್ನಾಯುರಜ್ಜು ಜಗ್ಗುತ್ತದೆ, ಮೀನಖಂಡ ಬಿಗಿಯಾಗಿ ಆ ಭಾರವನ್ನು ಹಿಡಿದುಕೊಳ್ಳುತ್ತದೆ. ಮುಂದಿನ ಹೆಜ್ಜೆಗೆ ಅದೇ ಶಕ್ತಿಯ ಒಂದು ಪಾಲು ಮರಳಿ ಸಿಗುತ್ತದೆ. ನೆಲಕ್ಕೆ ತಗಲುವ ಆ ಮೊದಲ ಕ್ಷಣದ ಬಲ, ಹಿಮ್ಮಡಿಯೂರಿ ಓಡುವ ಶೂಧಾರಿಗಳಿಗೆ ಹೋಲಿಸಿದರೆ ಮೂರನೇ ಒಂದು ಭಾಗದಷ್ಟಿತ್ತು. ಇದಿಷ್ಟು ಭೌತಶಾಸ್ತ್ರ, ಇದರಲ್ಲಿ ತಕರಾರಿಲ್ಲ. ತಕರಾರು ಇರುವುದು ಮುಂದಿನ ತರ್ಕದಲ್ಲಿ. ಹೊಡೆತ ಕಡಿಮೆಯಾದರೆ ಗಾಯವೂ ಕಡಿಮೆಯಾಗಲೇಬೇಕು ಎಂದು ಜನ ಭಾವಿಸಿದರು. ದೇಹದಲ್ಲಿ ಹೊರೆ ಮಾಯವಾಗುವುದಿಲ್ಲ, ಜಾಗ ಬದಲಿಸುತ್ತದೆ. ಮೊಣಕಾಲಿನಿಂದ ಇಳಿದ ಭಾರ ಮೀನಖಂಡದ ಮೇಲೆ, ಅಕಿಲಿಸ್ ಮೇಲೆ, ಪಾದದ ನಡುವಿನ ಸಣ್ಣ ಉದ್ದ ಮೂಳೆಗಳ ಮೇಲೆ ಕೂರುತ್ತದೆ. ಅವು ಆ ಕೆಲಸವನ್ನು ವರ್ಷಗಟ್ಟಲೆ ಮಾಡಿಯೇ ಇರುವುದಿಲ್ಲ.

ಬರಿಗಾಲಾದರೆ ಓಟದ ಶೈಲಿ ತಾನಾಗಿಯೇ ಸರಿಹೋಗುತ್ತದೆ ಎಂಬ ಇನ್ನೊಂದು ನಂಬಿಕೆಯೂ ಪೂರ್ತಿ ಉಳಿಯಲಿಲ್ಲ. 2013ರಲ್ಲಿ ಕೆವಿನ್ ಹಟಾಲ ಮತ್ತು ಸಂಗಡಿಗರು ಉತ್ತರ ಕೆನ್ಯಾದ ದಾಸನಚ್ ಜನರನ್ನು ಗಮನಿಸಿದರು. ಇವರೂ ಬರಿಗಾಲಿನವರೇ. ತಮಗೆ ಹಿತವೆನಿಸುವ ವೇಗದಲ್ಲಿ ಓಡುವಾಗ ಅವರ ಹೆಜ್ಜೆಗಳಲ್ಲಿ ನೂರಕ್ಕೆ 72ರಷ್ಟು ಹಿಮ್ಮಡಿಯಲ್ಲೇ ಊರುತ್ತಿದ್ದವು. ವೇಗ ಹೆಚ್ಚಿದಂತೆ ಆ ಪ್ರಮಾಣ ಇಳಿಯಿತು. ನೆಲ ಎಂಥದ್ದು, ಎಷ್ಟು ಜೋರಾಗಿ ಓಡುತ್ತೇವೆ, ದಿನವೂ ಎಷ್ಟು ದೂರ ಓಡುವ ಅಭ್ಯಾಸವಿದೆ ಎಂಬುದೆಲ್ಲ ಹೆಜ್ಜೆಯನ್ನು ತಿದ್ದುತ್ತದೆ. ಪ್ರಕೃತಿ ಒಂದೇ ಶೈಲಿಯನ್ನು ಬರೆದಿಟ್ಟಿದೆ, ಶೂ ಬಿಚ್ಚಿದರೆ ಅದು ಹೊರಬರುತ್ತದೆ ಎಂದುಕೊಳ್ಳುವುದಕ್ಕೆ ಆಧಾರ ಸಾಲದು. ಎಷ್ಟೋ ಜನ ಶೂ ಬಿಚ್ಚಿದ ಮೇಲೂ ಹಿಮ್ಮಡಿಯನ್ನೇ ಕುಟ್ಟಿಕೊಂಡು ಓಡುತ್ತಾರೆ. ಮೆತ್ತೆಯೂ ಇಲ್ಲ, ಶೈಲಿಯೂ ಇಲ್ಲ. ಎರಡೂ ಕಡೆಯ ಕೆಟ್ಟದ್ದು ಅವರ ಪಾಲಿಗೆ.

ನನ್ನ ವಾದದ ತಿರುಳು ಇರುವುದು ಅಮೆರಿಕದ ಬ್ರಿಗಮ್ ಯಂಗ್ ವಿಶ್ವವಿದ್ಯಾಲಯದಲ್ಲಿ ಸಾರಾ ರಿಜ್ ತಂಡ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ. ಅದರಲ್ಲಿ ಇದ್ದವರು 36 ಮಂದಿ ಅನುಭವಿ ಓಟಗಾರರು. 17 ಮಂದಿ ತಮ್ಮ ಮಾಮೂಲಿ ಶೂಗಳಲ್ಲೇ ಮುಂದುವರಿದರು. 19 ಮಂದಿ ಹತ್ತು ವಾರಗಳಲ್ಲಿ ಹಂತಹಂತವಾಗಿ ಫೈವ್‌ಫಿಂಗರ್ಸ್‌ಗೆ ಬಂದರು. ಆರಂಭದಲ್ಲೂ ಕೊನೆಯಲ್ಲೂ ಎಲ್ಲರ ಪಾದದ ಎಂಆರ್‌ಐ ತೆಗೆಯಲಾಯಿತು. ಮಾಮೂಲಿ ಶೂನವರಲ್ಲಿ ಒಬ್ಬರ ಮೂಳೆಯಲ್ಲಿ ಮಾತ್ರ ಗಮನಾರ್ಹ ಬದಲಾವಣೆ ಇತ್ತು. ಬದಲಾಯಿಸಿದವರಲ್ಲಿ ಹತ್ತು ಮಂದಿಯ ಪಾದದ ಮೂಳೆಗಳ ಮಜ್ಜೆಯಲ್ಲಿ ನೀರು ತುಂಬಿದ ಊತ ಕಾಣಿಸಿಕೊಂಡಿತು, ಇಬ್ಬರಿಗೆ ಮೂಳೆ ಸೀಳಿಯೇ ಇತ್ತು. ಇವರು ಒಂದೇ ದಿನಕ್ಕೆ ಶೂ ಬಿಸಾಕಿದ ಅವಸರದ ಜನರಲ್ಲ. ಮೊದಲ ವಾರ ಒಂದು ಚಿಕ್ಕ ಓಟ, ಎರಡನೇ ವಾರ ಎರಡು, ಮೂರನೇ ವಾರ ಮೂರು, ಆಮೇಲೆ ಹಿತವೆನಿಸಿದಷ್ಟು ಹೆಚ್ಚಿಸುವುದು ಎಂಬ, ಆ ಕಾಲಕ್ಕೆ ಸುರಕ್ಷಿತ ಎಂದೇ ಪ್ರಚಾರದಲ್ಲಿದ್ದ ಕ್ರಮವನ್ನು ಪಾಲಿಸಿದವರು. ‘ನಿಧಾನ’ ಎಂದು ನಾವು ಅಂದುಕೊಂಡದ್ದೇ ಮೂಳೆಯ ಲೆಕ್ಕದಲ್ಲಿ ಅವಸರವಾಗಿತ್ತು.

ಯಾಕೆ ಹಾಗಾಗುತ್ತದೆ ಎಂಬುದನ್ನು ಮೂಳೆಯ ಒಳಗೆ ಇಳಿದು ನೋಡಿದರೆ ತಿಳಿಯುತ್ತದೆ. ಹೊಸ ಭಾರ ಬಿದ್ದಾಗ ಮೂಳೆ ನೇರವಾಗಿ ಗಟ್ಟಿಯಾಗುವುದಿಲ್ಲ. ಮೊದಲು ಒಂದು ಬಗೆಯ ಜೀವಕೋಶಗಳು ಹಳೆಯ ಮೂಳೆಯನ್ನು ಕರಗಿಸಿ ತೆಗೆಯುತ್ತವೆ. ಇದಕ್ಕೆ ಕೆಲವು ವಾರ ಸಾಕು. ಆಮೇಲೆ ಇನ್ನೊಂದು ಬಗೆಯ ಜೀವಕೋಶಗಳು ಅಲ್ಲಿ ಹೊಸ ಮೂಳೆಯನ್ನು ಕಟ್ಟುತ್ತವೆ. ಇದಕ್ಕೆ ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ಹಳೆಯ ಡಾಂಬರು ಕಿತ್ತು ಹೊಸದನ್ನು ಹಾಕುವ ಮೊದಲೇ ಲಾರಿಗಳನ್ನು ಬಿಟ್ಟ ರಸ್ತೆಯ ಹಾಗೆ, ನಡುವಿನ ಆ ಅವಧಿಯಲ್ಲಿ ಮೂಳೆ ಮೊದಲಿಗಿಂತ ದುರ್ಬಲವಾಗಿರುತ್ತದೆ. ಬದಲಾಯಿಸಿ ಒಂದೆರಡು ತಿಂಗಳು ಏನೂ ತೊಂದರೆಯಾಗದೆ, ‘ಒಗ್ಗಿಹೋಯಿತು’ ಎಂದು ದೂರ ಹೆಚ್ಚಿಸಿದಾಗಲೇ ಎರಡನೇ ಅಥವಾ ಮೂರನೇ ಬೆರಳಿನ ಹಿಂದಿನ ಮೆಟಟಾರ್ಸಲ್ ಮೂಳೆ ಸೀಳುವುದು ಈ ಕಾರಣಕ್ಕೆ. ಸ್ನಾಯುರಜ್ಜುಗಳ ಕಥೆಯೂ ಹೆಚ್ಚು ಬೇರೆಯಲ್ಲ. ರಕ್ತಸಂಚಾರ ಕಡಿಮೆಯಿರುವ ಅಕಿಲಿಸ್, ಮಾಂಸದ ಸ್ನಾಯುವಿಗಿಂತ ಎಷ್ಟೋ ನಿಧಾನವಾಗಿ ಬಲಗೊಳ್ಳುತ್ತದೆ. ವಿಚಿತ್ರವೆಂದರೆ ಇಲ್ಲಿ ಹೆಚ್ಚು ಅಪಾಯದಲ್ಲಿರುವವರು ಹೊಸಬರಲ್ಲ, ಹಳಬರು. ಹೊಸಬರಿಗೆ ಒಂದು ಕಿಲೋಮೀಟರ್ ಓಡುವಷ್ಟರಲ್ಲಿ ಉಸಿರು ಕಟ್ಟುತ್ತದೆ, ಅಲ್ಲಿಗೆ ನಿಲ್ಲುತ್ತಾರೆ, ಪಾದ ಬಚಾವಾಗುತ್ತದೆ. ಹಾಫ್ ಮ್ಯಾರಥಾನ್ ಓಡಿ ಪಳಗಿದವರ ಹೃದಯ, ಶ್ವಾಸಕೋಶ, ತೊಡೆ ಎಲ್ಲವೂ ಹತ್ತು ಕಿಲೋಮೀಟರಿಗೆ ಸಿದ್ಧವಾಗಿರುತ್ತವೆ; ಪಾದ ಮಾತ್ರ ಒಂದು ಕಿಲೋಮೀಟರಿಗೂ ಸಿದ್ಧವಿರುವುದಿಲ್ಲ. ‘ಇನ್ನೂ ಓಡಬಹುದು’ ಎಂದು ದೇಹ ಹೇಳುವುದನ್ನು ಅವರು ನಂಬುತ್ತಾರೆ. ಆ ಮಾತನ್ನು ಹೇಳುತ್ತಿರುವುದು ಪಾದವಲ್ಲ.

ಇಲ್ಲಿ ನಮ್ಮ ಕಡೆಯಿಂದ ಏಳುವ ಆಕ್ಷೇಪ ಒಂದಿದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ‘ಇದೆಲ್ಲ ಶೂನಲ್ಲೇ ಹುಟ್ಟಿದ ಅಮೆರಿಕದವರ ಪಾಡು. ನಾವು ಹಳ್ಳಿಯಲ್ಲಿ ಬರಿಗಾಲಲ್ಲೇ ಶಾಲೆಗೆ ಹೋದವರು, ಗದ್ದೆ ಬದುಗಳ ಮೇಲೆ ಓಡಿದವರು. ನಮಗೇನು ಹೊಸದು?’ ಈ ಮಾತಿನಲ್ಲಿ ಸತ್ಯವಿದೆ. ಅದನ್ನು ಜಗತ್ತಿಗೆ ಸಂಖ್ಯೆಗಳಲ್ಲಿ ತೋರಿಸಿದ ಅಧ್ಯಯನ ನಡೆದದ್ದು ಕರ್ನಾಟಕದಲ್ಲೇ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್, 4ರಿಂದ 13 ವರ್ಷದ 2,300 ಮಕ್ಕಳ ಪಾದದ ಅಚ್ಚು ತೆಗೆದು ಪರಿಶೀಲಿಸಿ, 1992ರಲ್ಲಿ ಬ್ರಿಟನ್ನಿನ ಮೂಳೆ ಶಸ್ತ್ರಚಿಕಿತ್ಸಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಚಪ್ಪಟೆ ಪಾದ ನೂರಕ್ಕೆ 8.6 ಇದ್ದರೆ, ಹಾಕದವರಲ್ಲಿ 2.8 ಮಾತ್ರ. ಬೆರಳು ಮುಚ್ಚುವ ಶೂ ಹಾಕುವವರಲ್ಲಿ ಅದು ಹೆಚ್ಚು, ಚಪ್ಪಲಿ ಮೆಟ್ಟುವವರಲ್ಲಿ ಕಡಿಮೆ. 1995ರಲ್ಲಿ ಜೋಸೆಫ್ ಮತ್ತೊಬ್ಬ ಸಹೋದ್ಯೋಗಿಯೊಂದಿಗೆ 1,846 ವಯಸ್ಕರನ್ನು ಪರೀಕ್ಷಿಸಿದಾಗಲೂ, ಹದಿನಾರು ತುಂಬುವವರೆಗೆ ಶೂ ಹಾಕದವರಲ್ಲಿ ಚಪ್ಪಟೆ ಪಾದ ಕಡಿಮೆ ಕಂಡಿತು. ಒದ್ದೆ ಕಾಲಲ್ಲಿ ಕಡಪಾ ಕಲ್ಲಿನ ಮೇಲೆ ನಿಂತು ಅಚ್ಚು ನೋಡಿಕೊಂಡರೆ ಯಾರಿಗೂ ಇದರ ಅರ್ಥ ಹೊಳೆಯುತ್ತದೆ: ಕಮಾನು ಚೆನ್ನಾಗಿರುವ ಪಾದದ ಅಚ್ಚಿನಲ್ಲಿ ಒಳಮಗ್ಗುಲು ಖಾಲಿ ಇರುತ್ತದೆ, ಹಿಮ್ಮಡಿಯನ್ನೂ ಬೆರಳಿನ ಬುಡವನ್ನೂ ಹೊರ ಅಂಚಿನ ಒಂದು ಪಟ್ಟಿ ಮಾತ್ರ ಸೇರಿಸುತ್ತದೆ, ಚಪ್ಪಟೆ ಪಾದದ ಅಚ್ಚು ಇಡಿಯಾಗಿ ತುಂಬಿರುತ್ತದೆ.

ಹೀಗೆ ಬಾಲ್ಯದ ಬರಿಗಾಲು ಕಮಾನಿಗೆ ಕೊಟ್ಟ ಆಕಾರ ಉಳಿಯಬಹುದು. ಆದರೆ ಮೂಳೆಯ ಸಾಂದ್ರತೆ, ಮೀನಖಂಡದ ತಾಳಿಕೆ, ಅಂಗಾಲಿನ ಚರ್ಮ ಇವು ಹೊಂದಿಕೊಳ್ಳುವುದು ಇಂದಿನ ಬಳಕೆಗೆ, ಬಾಲ್ಯದ ನೆನಪಿಗೆ ಅಲ್ಲ. ಹತ್ತು ವರ್ಷದ ಹುಡುಗ ಇಪ್ಪತ್ತೈದು ಕಿಲೋ ತೂಗುತ್ತಿದ್ದ. ನಲವತ್ತರ ಅದೇ ವ್ಯಕ್ತಿ ಎಂಬತ್ತು ಕಿಲೋ ತೂಗುತ್ತಾನೆ. ಹುಡುಗ ಓಡಿದ್ದು ಮಣ್ಣಿನ ಮೇಲೆ, ತುಂಡು ತುಂಡಾಗಿ, ನಿಂತು ಆಡಿ. ಈಗ ಓಡಲಿರುವುದು ಕಾಂಕ್ರೀಟ್ ಮೇಲೆ, ಒಂದೇ ಸಮನೆ, ಕೈಗಡಿಯಾರ ನೋಡಿಕೊಂಡು. ಆಸ್ಟ್ರೇಲಿಯಾದಲ್ಲಿ 61 ಓಟಗಾರರನ್ನು 26 ವಾರ ಹಿಂಬಾಲಿಸಿದ ಜೋಯೆಲ್ ಫುಲ್ಲರ್ ತಂಡ 2017ರಲ್ಲಿ ಹೇಳಿದ್ದೂ ಇದನ್ನೇ: ಸುಮಾರು 71 ಕಿಲೋ ಮೀರಿದವರಿಗೆ ತೆಳು ಅಟ್ಟೆಯ ಶೂಗಳಲ್ಲಿ ಗಾಯದ ಸಾಧ್ಯತೆ ಹೆಚ್ಚು. ಕಂಬಳದ ಓಟಗಾರರನ್ನು ಉದಾಹರಿಸುವವರೂ ಇದ್ದಾರೆ. 2020ರಲ್ಲಿ ಐಕಳದ ಕರೆಯಲ್ಲಿ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಮುಗಿಸಿ ದೇಶದ ಮನೆಮಾತಾದ ಶ್ರೀನಿವಾಸ ಗೌಡರು ಬರಿಗಾಲಿನವರೇ. ಆದರೆ ಅದು ಕೆಸರು ನೀರಿನಲ್ಲಿ, ಕೋಣಗಳ ಜೊತೆ, ಕಾಲು ನಿಮಿಷದೊಳಗೆ ಮುಗಿಯುವ, ವರ್ಷಗಳ ಅಭ್ಯಾಸ ಬೇಡುವ ಓಟ. ಅದರ ಘನತೆ ದೊಡ್ಡದು. ಅದರಿಂದ ಡಾಂಬರಿನ ಮೇಲಿನ ಹತ್ತು ಕಿಲೋಮೀಟರಿಗೆ ಪಾಠ ತೆಗೆಯಲಾಗದು.

ಇಷ್ಟೆಲ್ಲ ಅಪಾಯವಿದ್ದರೆ ಬದಲಾಯಿಸುವುದಾದರೂ ಯಾಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಶೂ ಕಂಪನಿಗಳು ಐವತ್ತು ವರ್ಷ ಹೇಳಿಕೊಂಡು ಬಂದ ಭರವಸೆಗೂ ಗಟ್ಟಿ ಆಧಾರವಿಲ್ಲ ಎಂಬುದು ಉತ್ತರದ ಮೊದಲ ಭಾಗ. ಓಟದ ಶೂಗಳು ಗಾಯ ತಡೆಯುತ್ತವೆಯೇ ಎಂದು 2022ರಲ್ಲಿ ಕೊಕ್ರೇನ್ ಸಂಸ್ಥೆ 12 ಪ್ರಯೋಗಗಳನ್ನು, ಹನ್ನೊಂದು ಸಾವಿರಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿತು. ಒಂದು ಬಗೆಯ ಶೂ ಇನ್ನೊಂದಕ್ಕಿಂತ ಹೆಚ್ಚು ಕಾಪಾಡುತ್ತದೆ ಎನ್ನಲು ಸಿಕ್ಕ ಸಾಕ್ಷ್ಯ ಬಹಳ ದುರ್ಬಲವಾಗಿತ್ತು. ಇದಕ್ಕೆ ವಿರುದ್ಧವಾದ ಒಂದು ಒಳ್ಳೆಯ ಪ್ರಯೋಗವನ್ನೂ ಹೇಳಬೇಕು. ಲಕ್ಸೆಂಬರ್ಗ್‌ನಲ್ಲಿ 848 ಓಟಗಾರರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಡಸು ಮೆತ್ತೆಯ ಶೂ ಸಿಕ್ಕವರಿಗೆ ಮೆದು ಮೆತ್ತೆಯವರಿಗಿಂತ ಗಾಯದ ಅಪಾಯ ಒಂದೂವರೆ ಪಟ್ಟಿತ್ತು. ಮೆತ್ತೆ ವ್ಯರ್ಥ ಎಂದು ಹೇಳುವವರು ಇದನ್ನು ಮರೆಯುವಂತಿಲ್ಲ. ಇನ್ನು ಪಳಗಿದ ಬರಿಗಾಲ ಓಟಗಾರರ ಸ್ಥಿತಿ ಏನು? ಆಲಿಸನ್ ಆಲ್ಟ್‌ಮನ್ ಮತ್ತು ಐರೀನ್ ಡೇವಿಸ್ 201 ಮಂದಿಯನ್ನು ಒಂದು ವರ್ಷ ಗಮನಿಸಿ 2016ರಲ್ಲಿ ವರದಿ ಮಾಡಿದರು. ತಲಾ ಲೆಕ್ಕದಲ್ಲಿ ಬರಿಗಾಲಿನವರಿಗೆ ಗಾಯ ಕಡಿಮೆ. ಆದರೆ ಅವರು ಓಡಿದ ದೂರವೂ ಕಡಿಮೆ. ಕಿಲೋಮೀಟರ್ ಲೆಕ್ಕ ಹಾಕಿದರೆ ಇಬ್ಬರೂ ಸಮ. ಬರಿಗಾಲಿನವರಿಗೆ ಮೀನಖಂಡದ ತೊಂದರೆ ಹೆಚ್ಚಿದ್ದರೆ, ಶೂ ಹಾಕಿದವರಿಗೆ ಮೊಣಕಾಲು ಮತ್ತು ಸೊಂಟದ್ದು ಹೆಚ್ಚು. ವರ್ಷಗಳಿಂದ ಮೊಣಕಾಲಿನ ನೋವೇ ಮರುಕಳಿಸುತ್ತಿರುವವರಿಗೆ ಇದರಲ್ಲೊಂದು ದಾರಿಯಿದೆ. ಅಕಿಲಿಸ್ ನೋವಿನವರಿಗೆ ಇದೇ ದಾರಿ ಕೇಡು.

ಉತ್ತರದ ಎರಡನೇ ಭಾಗ ನನಗೆ ಹೆಚ್ಚು ಮುಖ್ಯ. ಪಾದದಲ್ಲಿ 26 ಮೂಳೆಗಳಿವೆ. ಅವನ್ನು ಹಿಡಿದಿಡುವ ಸಣ್ಣ ಸ್ನಾಯುಗಳು ಗಟ್ಟಿ ಅಟ್ಟೆಯ ಶೂನೊಳಗೆ ಕೆಲಸವಿಲ್ಲದೆ ಸೊರಗುತ್ತವೆ. ಅವನ್ನು ಬಲಪಡಿಸಿದರೆ ಫಲ ಸಿಗುತ್ತದೆ ಎಂಬುದಕ್ಕೆ ಈಗ ಒಳ್ಳೆಯ ಸಾಕ್ಷ್ಯವಿದೆ. ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 118 ಓಟಗಾರರಲ್ಲಿ ಒಂದು ಗುಂಪಿಗೆ ಪಾದದ ವ್ಯಾಯಾಮ ಕಲಿಸಿ ವರ್ಷದವರೆಗೆ ನೋಡಿದಾಗ, ವ್ಯಾಯಾಮ ಮಾಡದವರಿಗೆ ಗಾಯವಾಗುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟಿತ್ತು. ಎಂಆರ್‌ಐ ಅಧ್ಯಯನದಿಂದ ಎಚ್ಚರಿಕೆ ಕೊಟ್ಟ ಅದೇ ಸಾರಾ ರಿಜ್ 2019ರಲ್ಲಿ ಇನ್ನೊಂದು ಸಂಗತಿ ತೋರಿಸಿದರು: ತೆಳು ಅಟ್ಟೆಯ ಶೂ ಹಾಕಿ ಎಂಟು ವಾರ ಬರೀ ನಡೆದರೂ ಪಾದದ ಸ್ನಾಯುಗಳು ವ್ಯಾಯಾಮ ಮಾಡಿದಷ್ಟೇ ಬೆಳೆಯುತ್ತವೆ. 2021ರಲ್ಲಿ ಲಿವರ್‌ಪೂಲ್‌ನ ಸಂಶೋಧಕರು, ಆರು ತಿಂಗಳು ದಿನಬಳಕೆಗೆ ಅಂಥ ಶೂ ಹಾಕಿದವರ ಬೆರಳುಗಳ ಬಲ ಸರಾಸರಿ 57 ಶೇಕಡಾ ಹೆಚ್ಚಿದ್ದನ್ನು ವರದಿ ಮಾಡಿದರು. ಅವರು ಓಡಿರಲಿಲ್ಲ, ದಿನನಿತ್ಯದ ಓಡಾಟವಷ್ಟೇ. ಹಾಗಾದರೆ ಬರಿಗಾಲ ಓಟದ ಹೆಚ್ಚಿನ ಲಾಭ ಓಡುವ ಮೊದಲೇ, ನಡಿಗೆಯಲ್ಲೇ ಸಿಕ್ಕಿಬಿಡುತ್ತದೆ. ಅಪಾಯವೆಲ್ಲ ಇರುವುದು ನಡಿಗೆಯನ್ನು ಹಾರಿ ಓಟಕ್ಕೆ ಹೋಗುವುದರಲ್ಲಿ.

ಬದಲಾಯಿಸುವ ಕ್ರಮವೂ ಇಲ್ಲಿಂದಲೇ ಹುಟ್ಟುತ್ತದೆ. ಮನೆಯೊಳಗೆ ಬರಿಗಾಲಲ್ಲಿ ಓಡಾಡುವ ಪದ್ಧತಿ ನಮಗೆ ಹೇಗೂ ಇದೆ. ಮಂಡಿ ನೋವೆಂದು ಮನೆಯೊಳಗೂ ಮೆತ್ತನೆ ಚಪ್ಪಲಿ ಹಾಕುವ ರೂಢಿ ಈಚಿನದು. ಆರೋಗ್ಯವಂತರು ಅದನ್ನು ಬಿಟ್ಟು, ದಿನಕ್ಕೆ ಅರ್ಧ ಗಂಟೆ ಹೊರಗಿನ ಗಟ್ಟಿ ನೆಲದಲ್ಲಿ ನಡೆಯುವುದರಿಂದ ಶುರು ಮಾಡಲಿ. ಜೊತೆಗೆ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿ ಎತ್ತಿ, ನಿಧಾನವಾಗಿ ಇಳಿಸುವುದನ್ನು ರೂಢಿಸಿಕೊಳ್ಳಲಿ. ಒಂದೇ ಕಾಲಿನಲ್ಲಿ ಇಪ್ಪತ್ತು ಇಪ್ಪತ್ತೈದು ಸಲ ಸಲೀಸಾಗಿ ಮಾಡಲು ಬಾರದ ಮೀನಖಂಡ ಬರಿಗಾಲ ಓಟಕ್ಕೆ ತಯಾರಾಗಿಲ್ಲ ಎಂದೇ ತಿಳಿಯಬೇಕು. ಎರಡು ತಿಂಗಳ ಮೇಲೆ ಓಟ. ಲೀಬರ್‌ಮನ್ ತಾವೇ ಕೊಟ್ಟ ಸಲಹೆ ಎಂದರೆ ಮೊದಲ ವಾರ ದಿನ ಬಿಟ್ಟು ದಿನ, 400 ಮೀಟರಿನಿಂದ ಒಂದೂವರೆ ಕಿಲೋಮೀಟರಿನವರೆಗೆ, ಅದಕ್ಕಿಂತ ಹೆಚ್ಚಿಲ್ಲ. ಆಮೇಲೆ ವಾರಕ್ಕೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಏರಿಸಬಾರದು. ಮೊದಲ ವಾರದ ಮಿತಿಯಲ್ಲಿ ಕೆಳತುದಿಯಾದ 400 ಮೀಟರನ್ನೇ ಹಿಡಿಯುವುದು ಒಳ್ಳೆಯದು. ಉಳಿದ ಓಟವೆಲ್ಲ ಹಳೆಯ ಶೂನಲ್ಲಿ ನಡೆಯಲಿ. ಹುಲ್ಲಿನ ಮೇಲೆ ಶುರು ಮಾಡಿ ಎಂದು ಹೇಳುವವರು ಬಹಳ. ಹುಲ್ಲಿನಡಿ ಗಾಜಿನ ಚೂರು ಕಾಣುವುದಿಲ್ಲ, ಮೆತ್ತನೆಯ ನೆಲ ಕೆಟ್ಟ ಹೆಜ್ಜೆಯನ್ನು ಕ್ಷಮಿಸಿಬಿಡುತ್ತದೆ. ನಯವಾದ ಗಟ್ಟಿ ನೆಲದಲ್ಲಿ ಹೆಜ್ಜೆ ತಪ್ಪಿದರೆ ತಕ್ಷಣ ಗೊತ್ತಾಗುತ್ತದೆ. ಹೆಜ್ಜೆ ಚಿಕ್ಕದಾಗಿ, ಬೇಗ ಬೇಗ ಬೀಳಲಿ. ನಿಮಿಷದ ಹೆಜ್ಜೆಗಳನ್ನು ಶೇಕಡಾ ಐದರಿಂದ ಹತ್ತು ಹೆಚ್ಚಿಸಿದರೆ ಮೊಣಕಾಲಿನ ಹೊರೆ ಇಳಿಯುತ್ತದೆ ಎಂದು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಅಧ್ಯಯನ 2011ರಲ್ಲೇ ತೋರಿಸಿದೆ. ಇದು ಶೂ ಹಾಕಿದವರಿಗೂ ಅನ್ವಯಿಸುತ್ತದೆ, ಖರ್ಚಿಲ್ಲದ ಉಪಾಯ. ಮೀನಖಂಡದಲ್ಲಿ ಎರಡು ದಿನ ಬಿಗಿತ ಇರುವುದು ಸಹಜ. ಪಾದದ ಮೇಲ್ಭಾಗದಲ್ಲಿ ಬೆರಳಿನಿಂದ ಒತ್ತಿದಾಗ ಒಂದೇ ಬಿಂದುವಿನಲ್ಲಿ ಚುಚ್ಚುವ ನೋವು ಸಹಜವಲ್ಲ. ಅದು ಮೂಳೆಯ ದೂರು. ಓಟ ನಿಲ್ಲಿಸಿ ವೈದ್ಯರನ್ನು ಕಾಣಬೇಕು.

ಅಂಗಾಲು ದಪ್ಪಗಾದರೆ ಸಂವೇದನೆ ಸಾಯುತ್ತದೆಯೇ ಎಂಬ ಹೆದರಿಕೆಗೆ ಆಧಾರವಿಲ್ಲ. 2019ರಲ್ಲಿ ‘ನೇಚರ್’ನಲ್ಲಿ ಬಂದ ಕೆನ್ಯಾದ ಅಧ್ಯಯನದ ಪ್ರಕಾರ, ಬರಿಗಾಲಿನವರ ಅಂಗಾಲಿನ ಚರ್ಮ ದಪ್ಪವಾಗಿದ್ದರೂ ನೆಲದ ಸ್ಪರ್ಶವನ್ನು ಅದು ಮಂಕಾಗಿಸುವುದಿಲ್ಲ. ಈ ಸಂವೇದನೆಯೇ ಬರಿಗಾಲಿನ ದೊಡ್ಡ ರಕ್ಷಣೆ. ಮಿನಿಮಲಿಸ್ಟ್ ಶೂ ಈ ವಿಷಯದಲ್ಲಿ ಸ್ವಲ್ಪ ಮೋಸಗಾರ: ಚರ್ಮಕ್ಕೆ ನೋವಾಗದಂತೆ ಕಾಯುತ್ತದೆ, ಮೂಳೆಗೆ ಬೀಳುವ ಭಾರವನ್ನು ಮಾತ್ರ ಬರಿಗಾಲಿನಷ್ಟೇ ಬಿಡುತ್ತದೆ. ಬರಿಗಾಲಿನವರು ಚರ್ಮ ಉರಿದು ಒಂದು ಕಿಲೋಮೀಟರಿಗೆ ನಿಲ್ಲುವಲ್ಲಿ, ಈ ಶೂ ಹಾಕಿದವರು ಐದು ಓಡಿಬಿಡುತ್ತಾರೆ. ಕಲಿಯುವ ದಿನಗಳಲ್ಲಿ ನಿಜವಾದ ಬರಿಗಾಲೇ ಹೆಚ್ಚು ಪ್ರಾಮಾಣಿಕ ಗುರು ಎಂದು ನಾನು ನಂಬುವುದು ಅದಕ್ಕೇ.

ಕೊನೆಯ ಆಕ್ಷೇಪ ಮೈದಾನದಿಂದ ಬರುತ್ತದೆ: ಎಲಿಯುಡ್ ಕಿಪ್ಚೊಗೆ 2019ರಲ್ಲಿ ವಿಯೆನ್ನಾದಲ್ಲಿ ಎರಡು ಗಂಟೆಯೊಳಗೆ ಮ್ಯಾರಥಾನ್ ದೂರ ಮುಗಿಸಿದ್ದು ದಪ್ಪ ಅಟ್ಟೆಯ, ಕಾರ್ಬನ್ ಪಟ್ಟಿಯ ಶೂನಲ್ಲಿ, ಹಾಗಾದರೆ ಬರಿಗಾಲಿಗೆ ಏನು ಬೆಲೆ? ಸ್ಪರ್ಧೆಯ ವೇಗವೇ ಗುರಿಯಾದರೆ ಈ ಆಕ್ಷೇಪಕ್ಕೆ ಉತ್ತರವಿಲ್ಲ, ಒಪ್ಪಿಕೊಳ್ಳಬೇಕು. ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ರಾಜರ್ ಕ್ರಾಮ್ ತಂಡ 2012ರಲ್ಲೇ ಬರಿಗಾಲ ಓಟದ ಅನುಭವ ಇದ್ದವರನ್ನು ಪರೀಕ್ಷಿಸಿ, ಹಗುರ ಶೂಗಿಂತ ಬರಿಗಾಲಿನಲ್ಲಿ ಶಕ್ತಿಯ ಉಳಿತಾಯವೇನೂ ಇಲ್ಲವೆಂದು ತೋರಿಸಿತ್ತು. ಬರಿಗಾಲು ಪದಕದ ಸಾಧನ ಎನ್ನುವ ಕಾಲ ಮುಗಿದಿದೆ. ಅದು ಪಾದವನ್ನು ಕಟ್ಟುವ ಅಭ್ಯಾಸ. ವಾರದಲ್ಲಿ ಒಂದೆರಡು ಚಿಕ್ಕ ಓಟವಾಗಿ ಉಳಿದರೂ ಸಾಕು. ಪೂರ್ತಿ ಬದಲಾಯಿಸಿದವರೇ ಗೆದ್ದವರು ಎಂಬ ಭಾವನೆಯಿಂದಲೇ ಹೆಚ್ಚಿನ ಕಾಲುಗಳು ಕೆಟ್ಟಿವೆ.

ಯಾರಿಗೆ ಇದು ಬೇಡವೇ ಬೇಡ ಎಂಬುದನ್ನು ನಮ್ಮ ದೇಶದಲ್ಲಿ ಒತ್ತಿ ಹೇಳಲೇಬೇಕು. 2023ರಲ್ಲಿ ಪ್ರಕಟವಾದ ಐಸಿಎಂಆರ್ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ. ದೀರ್ಘಕಾಲದ ಮಧುಮೇಹದಲ್ಲಿ ಪಾದದ ನರಗಳು ಜೋಮು ಹಿಡಿಯುತ್ತವೆ, ಚುಚ್ಚಿದ ಮುಳ್ಳು ಗೊತ್ತಾಗುವುದಿಲ್ಲ, ಗಾಯ ಮಾಯುವುದಿಲ್ಲ. ಬರಿಗಾಲಿನ ಮೊದಲ ರಕ್ಷಣೆ ಸಂವೇದನೆಯಾದ್ದರಿಂದ, ಅದನ್ನು ಕಳೆದುಕೊಂಡವರು ಬರಿಗಾಲಲ್ಲಿ ಅಂಗಳಕ್ಕೂ ಇಳಿಯಬಾರದು. ಮಿಕ್ಕವರು ಟೆಟನಸ್ ಲಸಿಕೆ ಹಾಕಿಸಿಕೊಂಡಿರಬೇಕು. ಕೊಕ್ಕೆಹುಳು ಅಂಗಾಲಿನ ಚರ್ಮದ ಮೂಲಕವೇ ಒಳಹೊಗುವುದರಿಂದ ಮಲಿನ ಒದ್ದೆ ಮಣ್ಣನ್ನು ತಪ್ಪಿಸಬೇಕು. ಮಣಿಪಾಲದ ಅಧ್ಯಯನ ಓದಿ ಮಕ್ಕಳ ಶೂ ಕಿತ್ತಿಡಬೇಕಾಗಿಲ್ಲ. ಸ್ವಚ್ಛವಾದ ಮೈದಾನದಲ್ಲಿ ಆಟದ ಹೊತ್ತಿನಲ್ಲಿ ಅವರನ್ನು ಬರಿಗಾಲಲ್ಲಿ ಬಿಟ್ಟರೆ ಸಾಕು. ಅವರಿಗೆ ಬದಲಾವಣೆಯ ಕಷ್ಟವೇ ಬರುವುದಿಲ್ಲ.

ದೊಡ್ಡವರಲ್ಲಿ ಪ್ರಯತ್ನಿಸಬೇಕೆನ್ನುವವರು ಮಳೆ ನಿಂತ ಮೇಲೆ, ನವೆಂಬರ್‌ನಲ್ಲಿ ನಡಿಗೆ ಶುರು ಮಾಡಲಿ, ಜನವರಿಯಲ್ಲಿ ಮೊದಲ 400 ಮೀಟರ್ ಓಡಲಿ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟ ಏಪ್ರಿಲ್ ಅಥವಾ ಮೇನಲ್ಲಿ ಬರುತ್ತದೆ. ಅದನ್ನು ದಯವಿಟ್ಟು ನಿಮ್ಮ ಹಳೆಯ ಶೂನಲ್ಲೇ ಓಡಿ.